ಬಸ್ಸಿನ ಕನಸು ಕಂಡ ಸಿಪ್ಪೆ

ಇರುವೆ ಆಕಳಿಸಿದರೂ ಕೇಳಿಸುವ ಕಿವಿ ನನ್ನದು. ಹಾಗಾಗಿ ಕಾರ್ಖಾನೆಯ ಹಂಡೆಯೊಳಗಿನ ಈ ಮಾತು ನನಗೊಬ್ಬನಿಗೇ ಕೇಳಿಸಿತು. ಆಸಿಡ್ಡಿನಲ್ಲಿ ಬೆಂದು ಕಹಿವಿಷವಾದ ಕಬ್ಬಿನ ಸಿಪ್ಪೆ ಯೀಸ್ಟಜ್ಜಿಯನ್ನು ಬೇಡಿತು: “ಅಜ್ಜೀ, ನನ್ನನ್ನು ಹುದುಗಿಸಿ ಎಥನಾಲ್ ಇಂಧನ ಮಾಡು. ಬಸ್ಸಿನ ಹೊಟ್ಟೆಯಲ್ಲಿ ಕೂತು ಊರೂರು ಸುತ್ತುವ ಕನಸು ನನಗೆ. ನೀನು ಒಲ್ಲೆ ಎಂದರೆ ಒಲೆಗೆ ಹಾಕುತ್ತಾರೆ.”

“ಹೋಗೋ, ಕಹಿಮೂತಿಯವನೇ! ನಿನ್ನನ್ನು ಮುಟ್ಟಿ ನನ್ನ ತಂಗಿಯರೆಲ್ಲ ಸತ್ತರು,” ಎಂದಳು ಅಜ್ಜಿ. ಆದರೂ ಆ ಕನಸಿಗೆ ಮರುಗಿ ಒಂದು ತೊಟ್ಟು ನೆಕ್ಕಿದಳು, ಮುಖ ಕಿವುಚಿದಳು, ಮಗಳನ್ನು ಹೆತ್ತು ಕಣ್ಣುಮುಚ್ಚಿದಳು. ಮಗಳು ಗುಟುಕು ಕುಡಿದಳು. ಮೊಮ್ಮಗಳು ಬೊಗಸೆ ಕುಡಿದಳು. ಮರಿಮಗಳು ಹಂಡೆಯನ್ನೇ ಮುಗಿಸಿ ತೇಗಿದಳು.

ಎಥನಾಲಿನ ಹಬೆಯಾಗಿ ತೇಲಿಹೋಗುತ್ತ ಸಿಪ್ಪೆ ಕೇಳಿತು: “ತಾಯೀ, ತುಂಬಾ ಕಹಿಯಾಯಿತೇ?”

“ಕಹಿ ಅಂದರೇನಪ್ಪಾ?” ಎಂದಳು ಮರಿಮಗಳು.