ಹೆತ್ತವಳ ಕುದ್ರು

ನಮ್ಮ ಕೆಳಬೈಲಿನ ಒಡ್ಡಿನ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಹೊಳೆಯ ನಡುವೆ ಒಂದು ಸಣ್ಣ ಕುದ್ರು ಕಾಣುತ್ತದೆ. ಹೊಳೆ ತಾನೇ ಮಣ್ಣು ತಂದು ಸುರಿದು ಮಾಡಿಕೊಂಡ ದಿಬ್ಬ ಅದು. ನಡುವೆ ಉಪ್ಪುನೀರಲ್ಲೇ ಬೇರು ಬಿಡುವ ಕಾಂಡ್ಲ ಗಿಡಗಳ ಒಂದು ಮೆಳೆ, ಸುತ್ತ ಮರಳು, ಅಷ್ಟೇ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸಮುದ್ರದ ಭರತ ಒಳನುಗ್ಗಿದಾಗ ಮೆಳೆಯ ತಲೆಯೊಂದು ಬಿಟ್ಟು ಉಳಿದದ್ದೆಲ್ಲ ನೀರಿನಡಿ ಹೋಗುತ್ತದೆ. ಈಗ ದೋಣಿಯವರು ಪ್ರವಾಸಿಗರನ್ನು ಸಂಜೆ ಅಲ್ಲಿಗೆ ಕರೆದೊಯ್ಯುತ್ತಾರೆ. ಯಾರೋ ಪುಣ್ಯಾತ್ಮರು ಒಡ್ಡಿನ ಮೇಲೆ ‘ಸನ್‌ಸೆಟ್ ಐಲ್ಯಾಂಡ್’ ಎಂಬ ಬೋರ್ಡನ್ನೂ ನೆಟ್ಟಿದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಸೂರ್ಯ ಎಲ್ಲ ಕಡೆಯೂ ಮುಳುಗುತ್ತಾನೆ, ಅದಕ್ಕೊಂದು ಕುದ್ರು ಬೇಕಿಲ್ಲ. ಇದರ ಹೆಸರು ಹೆತ್ತವಳ ಕುದ್ರು. ಆ ಹೆಸರನ್ನು ಕೊಟ್ಟವರು ಬೋರ್ಡು ನೆಡುವಷ್ಟು ನೆಲವೂ ಇಲ್ಲದಿದ್ದ ಜನ.

ಈ ಬೈಲು ಹುಟ್ಟಾ ಗದ್ದೆಯಾಗಿರಲಿಲ್ಲ. ಉಪ್ಪುನೀರು ತಡೆಯಲು ಒಡ್ಡು ಕಟ್ಟಿ, ಕೆಸರು ಹೊತ್ತು, ಉಪ್ಪಿನ ನೆಲದಲ್ಲಿ ಭತ್ತ ಬರುವಂತೆ ಮಾಡಿದವರು ಮೂಲದಾಳುಗಳು. ಅವರಿಗೆ ಗದ್ದೆಗಳಿರಲಿಲ್ಲ, ಗದ್ದೆಗಳಿಗೆ ಅವರಿದ್ದರು. ಯಾವ ಗದ್ದೆಯ ಬದಿಯ ಗುಡಿಸಲಲ್ಲಿ ಮಗು ಹುಟ್ಟಿತೋ, ಯಾವ ಗದ್ದೆಯ ಅಂಚಿನಲ್ಲಿ ಅದರ ಹೊಕ್ಕುಳಬಳ್ಳಿ ಹೂತರೋ, ಆ ಗದ್ದೆಗೆ ಆ ಮಗು ಆಳು. ಗದ್ದೆ ಮಾರಿದರೆ ಆಳೂ ಹೋಗಬೇಕು, ಬಳುವಳಿ ಕೊಟ್ಟರೆ ಅದರೊಂದಿಗೆ ಹೋಗಬೇಕು. ಬಾವಿ, ಮಾವಿನ ಮರ, ಮನುಷ್ಯರು, ಎಲ್ಲ ಒಂದೇ ಮಾತಿನಲ್ಲಿ ಕೈ ಬದಲಾಗುತ್ತಿದ್ದವು. ಹೀಗಿರುವಾಗ ಪಡುಮನೆ ಶೀನಪ್ಪ ಹೆಗ್ಡೆಯೆಂಬ ಒಡೆಯ ತನ್ನ ಮಗಳ ಮದುವೆಗೆ ಮಾವಿನಡಿ ಗದ್ದೆಯನ್ನು ಬಳುವಳಿ ಕೊಟ್ಟ. ಆ ಗದ್ದೆಯ ಬದಿಯಲ್ಲಿ ಹುಟ್ಟಿದ್ದ ಸಣ್ಣಿ ಎಂಬ ಹುಡುಗಿ ಇನ್ನು ತನ್ನ ಆಳೆಂದು ಅಳಿಯ ಅವಳನ್ನು ತನ್ನ ಊರಿಗೆ ಕರೆದುಕೊಂಡು ಹೋದ. ಸಣ್ಣಿಗೆ ಆಗಿನ್ನೂ ಹಾಲುಹಲ್ಲು. ಅವಳ ತಾಯಿ ದುಗ್ಗಿ ಬೇರೊಂದು ಗದ್ದೆಗೆ ಹುಟ್ಟಿದವಳಾದ್ದರಿಂದ ಇಲ್ಲೇ ಉಳಿಯಬೇಕಾಯಿತು. ಮಗಳ ದೋಣಿ ತಿರುವಿನಲ್ಲಿ ಮರೆಯಾಗುವವರೆಗೂ ಅವಳಿಗೆ ನೆಡುತ್ತಿದ್ದ ನೇಜಿಯ ಸಸಿಗಳಿಂದ ತಲೆಯೆತ್ತಲು ಅಪ್ಪಣೆಯಿರಲಿಲ್ಲ ಎನ್ನುತ್ತಾರೆ. 

ಇದಾದ ಮಾರನೆಯ ವರ್ಷ ಅರಸರ ಕಡೆಯ ಅಧಿಕಾರಿ ಹೊಸ ನೆಲಕ್ಕೆ ತೆರಿಗೆ ಹಾಕಲು ಬಂದ. ಹೊಳೆಯಲ್ಲಿ ಕೆಲವು ವರ್ಷಗಳ ಹಿಂದೆ ಎದ್ದು ಕಾಂಡ್ಲ ಬೆಳೆದಿದ್ದ ಕುದ್ರುವಿನಲ್ಲಿ ಶೀನಪ್ಪ ಹೆಗ್ಡೆಯ ಕೋಣಗಳು ಮೇಯುತ್ತಿದ್ದವು. ಇದು ಯಾರದ್ದೆಂದು ಅಧಿಕಾರಿ ಕೇಳಿದ. ತೆರಿಗೆಯೆಂದರೆ ಒಡೆಯನಿಗೆ ಎದೆ ಒಡೆದಷ್ಟು ಸಂಕಟ. ಒಡ್ಡಿನ ಬದಿಯ ದೈವದ ಗುಡಿಯ ಮೆಟ್ಟಿಲಲ್ಲಿ ನಿಂತು, ಬೊಗಸೆಯಲ್ಲಿ ಹೊಳೆಯ ನೀರು ಹಿಡಿದು, ಊರವರೆಲ್ಲ ಕೇಳುವಂತೆ ಆಣೆ ಹಾಕಿಬಿಟ್ಟ. ಅದು ನೆಲವಲ್ಲ, ಹೊಳೆ. ತನ್ನದಲ್ಲ, ಯಾರದ್ದೂ ಅಲ್ಲ ಎಂದ. ಅಧಿಕಾರಿ ಒಪ್ಪಿ ಹೊರಟುಹೋದ. ಪಕ್ಕದ ಗದ್ದೆಯಲ್ಲಿ ಬಗ್ಗಿ ನೆಡುತ್ತಿದ್ದ ದುಗ್ಗಿ ಆ ಮಾತನ್ನು ಕೇಳಿದಳು. ಅವಳಿಗೆ ಆಗ ಮತ್ತೆ ತಿಂಗಳು ನಿಂತಿತ್ತು. ಆಳುಗಳಿಗೂ ಕಿವಿಯಿದೆಯೆಂಬುದು ಒಡೆಯನಿಗೆ ಹೊಳೆದಿರಲೇ ಇಲ್ಲ.

ದಿನ ತುಂಬಿ ನೋವು ಕಾಣಿಸಿಕೊಂಡ ಬೆಳಗ್ಗೆ ದುಗ್ಗಿ ಗುಡಿಸಲಲ್ಲಿ ಮಲಗಲಿಲ್ಲ. ಸೊಂಟಕ್ಕೆ ಕತ್ತಿ ಸಿಕ್ಕಿಸಿ, ತಲೆಯ ಮೇಲೆ ಹಳೆಬಟ್ಟೆಯ ಗಂಟಿಟ್ಟು, ಇಳಿತದ ಹೊಳೆಗೆ ಇಳಿದಳು. ಸೂಲಗಿತ್ತಿ ಅಂಕಿ ಅಜ್ಜಿ ಬೆನ್ನಟ್ಟಿ ಬಂದಳು.

“ಮರ್ಲ್ ಹಿಡ್ದಿತಾ ನಿಂಗೆ? ಇವತ್ ಅಮಾಸಿ. ನೀರ್ ಏರ್‌ತ್ತ್. ನೀನೂ ಇಲ್ಲ, ಮಗೂ ಇಲ್ಲ!”

“ಗದ್ದಿ ಬದಿಯಲ್ ಹೆತ್ರೆ ಹ್ಯಾಂಗೂ ನಂಗ್ ಮಗು ಇಲ್ಲ, ಅಜ್ಜಿ,” ಎಂದಳು ದುಗ್ಗಿ. “ಬಪ್ದಾರೆ ಬಾ. ಇಲ್ದಿದ್ರೆ ಮನಿಗ್ ಹೋಗ್.”

ಅಜ್ಜಿ ಬೈದುಕೊಳ್ಳುತ್ತಲೇ ಎದೆಮಟ್ಟದ ನೀರಿನಲ್ಲಿ ಅವಳ ಹಿಂದೆ ಕುದ್ರುವಿಗೆ ನಡೆದಳು. ಸುದ್ದಿ ಪಡುಮನೆಗೆ ಮುಟ್ಟಿದಾಗ ಒಡೆಯ ಅವಳನ್ನು ಹೊತ್ತು ತರಲು ದೋಣಿ ಅಟ್ಟಿದ. ದುಗ್ಗಿ ಕಾಂಡ್ಲದ ಬೇರುಗಳನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಬೇರು ಕಿತ್ತು ಬರಬೇಕೇ ಹೊರತು ಕೈ ಬಿಡುವಂತಿರಲಿಲ್ಲ. ದೋಣಿಯವರೂ ಆಳುಗಳೇ. ಎಳೆದಂತೆ ಮಾಡಿ, ಭರತ ಜೋರಾಗಿದೆಯೆಂದು ನೆಪ ಹೇಳಿ ಮರಳಿದರು. ನೀರು ಏರುತ್ತ ಅವಳ ಸೊಂಟ ಮುಟ್ಟುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಅಜ್ಜಿ ಕೂಸನ್ನು ತಲೆಗಿಂತ ಮೇಲೆತ್ತಿ ಹಿಡಿದು ಮೆಳೆಗೆ ಒರಗಿ ನಿಂತಳು. ಹೊಕ್ಕುಳಬಳ್ಳಿಯನ್ನು ಯಾವ ಮಣ್ಣಿಗೂ ಕೊಡದೆ ಹೊಳೆಯಲ್ಲಿ ಬಿಟ್ಟರು. ನೀರು ಇಳಿಯುವವರೆಗೆ ಮೂವರೂ ಹಾಗೆಯೇ ಇದ್ದರು.

ಮತ್ತೆ ಇಳಿತವಾದಾಗ ದುಗ್ಗಿ ಮಗುವನ್ನೆತ್ತಿಕೊಂಡು ತನ್ನ ಕಾಲಲ್ಲೇ ನಡೆದು ಬಂದಳು. ಗುಡಿಯ ಮುಂದೆ ಊರಿಗೆ ಊರೇ ಸೇರಿತ್ತು. ಒಡೆಯ ಮೆಟ್ಟಿಲ ಬಳಿ ನಿಂತು, “ಅದ್ ಯಾವ್ ಗದ್ದಿಗ್ ಹುಟ್ಟದ್ದ್?” ಎಂದು ಗುಡುಗಿದ.

“ಯಾವ್ ಗದ್ದಿಗೂ ಅಲ್ಲ, ಒಡ್ಯಾ. ಅದ್ ನೆಲ ಅಲ್ಲ, ಹೊಳಿ ಅಂದೇಳಿ ಇದೇ ಮೆಟ್ಲಂಗೆ ನಿಂತ್ಕಂಡ್ ನೀವೇ ಹೇಳದ್ದಲ್ದಾ? ಇದ್ ನಂಗ್ ಹುಟ್ಟದ್ದ್.”

ಕುದ್ರು ತನ್ನದೆಂದರೆ ದೈವದೆದುರು ಹಾಕಿದ ಆಣೆ ಸುಳ್ಳಾಗುತ್ತದೆ, ತೆರಿಗೆಯೂ ತಲೆಗೆ ಬೀಳುತ್ತದೆ. ತನ್ನದಲ್ಲವೆಂದರೆ ಮಗುವೂ ತನ್ನದಲ್ಲ.  ಕೊನೆಗೆ ಶೀನಪ್ಪ ಹೆಗ್ಡೆ, ನಾಳೆ ಹೊತ್ತಿಗೆ ಸರಿಯಾಗಿ ಗದ್ದೆಗೆ ಬಾ ಎಂದಷ್ಟೇ ಹೇಳಿ ಹೊರಟುಹೋದ. ದುಗ್ಗಿ ಹೋಗಲೇಬೇಕಾಯಿತು. ಅವಳು ಗದ್ದೆಗೆ ಹುಟ್ಟಿದವಳು, ಸಾಯುವವರೆಗೂ ಆಳಾಗಿಯೇ ಇದ್ದಳು. ಸಣ್ಣಿಯನ್ನು ಅವಳು ಮತ್ತೆ ನೋಡಿದಳೆಂದು ಯಾರೂ ಹೇಳುವುದಿಲ್ಲ. ಆದರೆ ಅಂಚಿನ ಮೇಲೆ ಆಡುತ್ತಿದ್ದ ಆ ಕೂಸಿಗೆ ಸಗಣಿ ಬಾಚೆಂದು ಹೇಳುವ ಹಕ್ಕು ಪಡುಮನೆಯಲ್ಲಿ ಯಾರಿಗೂ ಇರಲಿಲ್ಲ. ದೊಡ್ಡವಳಾದ ಮೇಲೆ ಅವಳು ಮೊದಲು ಕೂಲಿ ಎಷ್ಟೆಂದು ಕೇಳಿ, ಆಮೇಲೆ ಗದ್ದೆಗೆ ಇಳಿಯುತ್ತಿದ್ದಳಂತೆ. ದುಗ್ಗಿಯ ಬೆನ್ನಿಗೇ ಬೈಲಿನ ಬಸುರಿಯರೆಲ್ಲ ಇಳಿತ ನೋಡಿ ಕುದ್ರುವಿನ ದಾರಿ ಹಿಡಿದರು. ಕೆಲವರು ಮರಳಲಿಲ್ಲ, ಅದನ್ನು ಮುಚ್ಚಿಡಬಾರದು. ಆದರೂ ಹೋಗುವುದು ನಿಲ್ಲಲಿಲ್ಲ. ಗದ್ದೆಗಳಿಗೆ ಆಳು ಹುಟ್ಟುವುದೇ ನಿಂತಿತು. ಒಡೆಯರು ಕೂಲಿ ಕೊಟ್ಟು ಕರೆಯುವುದನ್ನು ಕಲಿತರು. ಆಳುಗಳನ್ನು ಬಿಡಿಸುವ ಸರಕಾರದ ಕಾನೂನು ನಮ್ಮೂರಿಗೆ ಬಂದದ್ದು ಅದಾಗಿ ಎಷ್ಟೋ ಕಾಲದ ಮೇಲೆ ಎನ್ನುತ್ತಾರೆ.

ಈಗಲೂ ಆ ಕುದ್ರುವಿನಲ್ಲಿ ಗಡಿಕಲ್ಲಿಲ್ಲ. ಸರ್ವೆ ನಕಾಶೆಯಲ್ಲೂ ಅದು ಹೊಳೆಯೇ. ಬೋರ್ಡು ಓದಿಕೊಂಡು ಹೋಗುವವರು ಸೂರ್ಯನನ್ನು ನೋಡಿ ಬರಲಿ, ನನ್ನ ತಕರಾರಿಲ್ಲ. ಆದರೆ ಕೆಲವು ದಿನ ಅಲ್ಲಿ ಇನ್ನೊಂದು ದೋಣಿಯೂ ಇರುತ್ತದೆ. ಆಸ್ಪತ್ರೆಯಿಂದ ಬಂದ ಬಾಣಂತಿ ಕೂಸಿನ ಅಂಗಾಲನ್ನು ಒದ್ದೆ ಮರಳಿಗೆ ತಾಗಿಸುತ್ತಾಳೆ. ಒಡ್ಡಿನ ಮೇಲಿಂದ ಮನೆಯ ಹಿರಿಯರೊಬ್ಬರು ಕೂಗಿ ಕೇಳುತ್ತಾರೆ: “ಅದ್ ಯಾವ್ ಗದ್ದಿಗ್ ಹುಟ್ಟದ್ದ್?”

ಅವಳು ಕೂಸನ್ನು ತಲೆಗಿಂತ ಮೇಲೆತ್ತಿ ಹಿಡಿದು ಕೂಗುತ್ತಾಳೆ: “ಯಾವ್ ಗದ್ದಿಗೂ ಅಲ್ಲ. ನಂಗ್ ಹುಟ್ಟದ್ದ್!”