ಮುಂದಿನ ಸಾಲಿನ ಕಿವಿ

"ಗುರುಗಳೇ, ಇಷ್ಟು ವರ್ಷದಲ್ಲಿ ನಿಮ್ಮ ಒಂದು ಮಾತನ್ನೂ ನಾನು ತಪ್ಪಿಸಿಕೊಂಡಿಲ್ಲ. ಮೈಗೆ ಹುಷಾರಿಲ್ಲದಿರಲಿ, ಮನೆಯಲ್ಲಿ ಮದುವೆಯಿರಲಿ, ಬಂದು ಮುಂದೆ ಕೂತಿದ್ದೇನೆ. ನೀವು ಹೇಳಿದ ಕತೆಗಳೆಲ್ಲ ನನಗೆ ಬಾಯಿಪಾಠ. ಕೇಳುವುದರಲ್ಲಿ ನಾನು ಇನ್ನು ಕಲಿಯಬೇಕಾದದ್ದು ಏನಾದರೂ ಉಂಟೇ?"

ಹೀಗೆ ಕೇಳಿದವನು ತ್ರ್ಯಂಬಕ, ಮಠದ ಹಿರಿಯ ಶಿಷ್ಯ. ಗುರುವಿಗೆ ಕೆಲವು ದಿನದಿಂದ ಜ್ವರ. ಗೋಡೆಗೆ ಒರಗಿ, ಕಂಬಳಿ ಹೊದ್ದು ಕೂತಿದ್ದರು. ಶಿಷ್ಯನ ಪ್ರಶ್ನೆಗೆ ಅವರಿಗೆ ನಗು ಬಂತು. ನಗುವಿನ ಹಿಂದೆಯೇ ಕೆಮ್ಮು ಬಂತು.

"ಹೇಳುತ್ತೇನೆ. ಮೊದಲು ಒಂದು ಲೋಟ ನೀರು ಕೊಡು, ಗಂಟಲು ಒಣಗಿದೆ" ಎಂದರು.

"ಆಗಲಿ ಗುರುಗಳೇ, ಹೇಳಿ" ಎಂದು ತ್ರ್ಯಂಬಕ ಇನ್ನಷ್ಟು ಹತ್ತಿರ ಸರಿದು ಕೂತ.

ಗುರು ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜವಳಿ ವ್ಯಾಪಾರಿ. ಅವನಿಗೆ ಸಂಗೀತದ ಹುಚ್ಚು. ಅಂತಿಂಥ ಹುಚ್ಚಲ್ಲ ಅದು. ಸಭೆಯಲ್ಲಿ ಕಚೇರಿ ಇದ್ದರೆ ಅಂಗಡಿಯ ಬಾಗಿಲು ಹಾಕಿಬಿಡುತ್ತಿದ್ದ. ಸೀರೆ ಕೊಳ್ಳಲು ಬಂದವರು ಬೀದಿಯಲ್ಲಿ ನಿಂತು ಶಾಪ ಹಾಕಿದರೂ ಅವನಿಗೆ ಲೆಕ್ಕಕ್ಕಿಲ್ಲ. ನಿನ್ನ ಹಾಗೇ, ಒಂದು ದಿನವೂ ತಪ್ಪಿಸಿದವನಲ್ಲ. ಮುಂದಿನ ಸಾಲಿನ ನಡುವಿನ ಜಾಗ ಅವನದು. ಅಲ್ಲಿ ಬೇರೆಯವರು ಕೂತರೆ ಅಕ್ಕಪಕ್ಕದವರೇ ಎಬ್ಬಿಸುತ್ತಿದ್ದರು. ಅವನು ತೊಡೆ ತಟ್ಟಿದರೆ ತಾಳ ಸರಿ, ತಲೆದೂಗಿದರೆ ರಾಗ ಸರಿ. ಹಾಡುವವರೇ ಅವನ ಮುಖ ನೋಡಿಕೊಂಡು ಹಾಡುತ್ತಿದ್ದರು ಎಂದಮೇಲೆ ಇನ್ನೇನು ಹೇಳಲಿ!

ಅದೇ ಊರಿನಲ್ಲಿ ಒಬ್ಬ ಗಾಯಕನಿದ್ದ. ಅವನ ಹಾಡಿಕೆಯಲ್ಲಿ ಒಂದು ವಿಶೇಷವಿತ್ತು. ರಾಗವನ್ನು ಮೇಲೇರಿಸಿಕೊಂಡು ಹೋಗಿ, ತುದಿಯ ಸ್ವರ ಮುಟ್ಟಿ, ಅಲ್ಲೇ ಸುಮ್ಮನಾಗಿಬಿಡುತ್ತಿದ್ದ. ಕಣ್ಣು ಮುಚ್ಚಿದೆ, ಬಾಯಿ ಅರೆ ತೆರೆದಿದೆ, ದನಿಯಿಲ್ಲ. ತಂಬೂರಿ ಮಾತ್ರ ಮಿಡಿಯುತ್ತಿದೆ. ಕೇಳುವವರಿಗೆ ಇನ್ನು ತಡೆಯಲಾಗದು ಎನ್ನುವಾಗ ಮೆಲ್ಲಗೆ ಕೆಳಗಿಳಿದು ಬರುತ್ತಿದ್ದ. ಸಭೆಯ ಹಳಬರು ಬರುತ್ತಿದ್ದದ್ದೇ ಆ ಮೌನಕ್ಕೆ. ಆಗ ಕೆಮ್ಮಬಾರದು, ಏಳಬಾರದು, ಚಪ್ಪಾಳೆ ತಟ್ಟಬಾರದು. ಅದು ಅಲ್ಲಿನ ಕಟ್ಟಳೆ. ಒಮ್ಮೆ ಹೊಸಬನೊಬ್ಬ, ಪಾಪ, ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟಿಬಿಟ್ಟ. ವ್ಯಾಪಾರಿ ಹಿಂತಿರುಗಿ, 'ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ' ಎಂದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಆ ಮನುಷ್ಯ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಗಾಯಕನಿಗೆ ಎದೆಯ ಬೇನೆ ಶುರುವಾಯಿತು. ವೈದ್ಯರು ಗುಳಿಗೆ ಕೊಟ್ಟರು. 'ಬೇನೆ ಬಂದ ಕೂಡಲೇ ನಾಲಗೆಯ ಕೆಳಗೆ ಇಡಬೇಕು. ಇಟ್ಟರೆ ಬದುಕುತ್ತಾರೆ. ತಡವಾದರೆ ನನಗೆ ಹೇಳಿ ಕಳಿಸಿ ಪ್ರಯೋಜನವಿಲ್ಲ' ಎಂದರು. ಬೇನೆ ಬಂದಾಗ ಗಾಯಕನಿಗೆ ಕೈ ಏಳುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಬೇರೆ ಯಾರಾದರೂ ನೋಡಿ ಇಡಬೇಕು. ಮನೆಯಲ್ಲಾದರೆ ಹೆಂಡತಿ ಇಡುತ್ತಿದ್ದಳು. ಕಚೇರಿಯಲ್ಲಿ ಯಾರು ಇಡುತ್ತಾರೆ? ಹಾಡುವುದನ್ನು ಬಿಡಿ ಎಂದು ಅವಳು ಕಾಲು ಹಿಡಿದಳು. ಅವನು ಕೇಳಬೇಕಲ್ಲ! 'ಬಿಟ್ಟರೆ ನಾನು ಇದ್ದೂ ಸತ್ತ ಹಾಗೆ' ಎಂದ.

ಕಚೇರಿಯ ದಿನ ಅವಳು ಗುಳಿಗೆಯ ಡಬ್ಬಿ ಹಿಡಿದುಕೊಂಡು ವ್ಯಾಪಾರಿಯ ಹತ್ತಿರ ಬಂದಳು.

'ಶೆಟ್ಟರೇ, ನನಗೆ ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ. ಅವರು ಹಾಡುವಾಗ ಎಲ್ಲಿ ಹಾಡು, ಎಲ್ಲಿ ನೋವು ಅಂತ ನನಗೆ ತಿಳಿಯೋಲ್ಲ. ನಿಮಗೆ ತಿಳಿಯುತ್ತೆ. ಇದು ನಿಮ್ಮ ಕೈಯಲ್ಲಿರಲಿ' ಎಂದಳು.

'ಅಮ್ಮಾ, ಅವರ ಒಂದೊಂದು ಉಸಿರೂ ನನಗೆ ಗೊತ್ತು. ನೀವು ನೆಮ್ಮದಿಯಾಗಿ ಹಿಂದೆ ಕೂತುಕೊಳ್ಳಿ' ಎಂದ ಅವನು.

ಸುಳ್ಳಲ್ಲ, ಅವನಿಗೆ ಗೊತ್ತಿತ್ತು. ಡಬ್ಬಿಯನ್ನು ಜೇಬಿಗೂ ಹಾಕಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡೇ ತನ್ನ ಜಾಗದಲ್ಲಿ ಕೂತ.

ಇಲ್ಲಿ ಗುರುವಿನ ದನಿ ಕಟ್ಟಿತು. ನಾಲಗೆಯಿಂದ ತುಟಿ ಸವರಿಕೊಂಡು, ಮೂಲೆಯಲ್ಲಿದ್ದ ನೀರಿನ ಹೂಜಿಯ ಕಡೆ ನೋಡಿದರು.

"ಆಮೇಲೆ?" ಎಂದ ತ್ರ್ಯಂಬಕ, ಅವರ ಮುಖದಿಂದ ಕಣ್ಣು ಕೀಳದೆ.

ಗುರು ಒಡಕು ದನಿಯಲ್ಲೇ ಮುಂದುವರಿಸಿದರು.

ಗಾಯಕ ಹಾಡಿದ. ಅಬ್ಬಾ, ಏನು ಹಾಡಿದ ಅಂತೀಯ! ಸಭೆಗೆ ಸಭೆಯೇ ಮೈಮರೆತಿತ್ತು. ರಾಗ ಮೇಲೇರುತ್ತಾ ಹೋಯಿತು. ತುದಿ ಹತ್ತಿರವಾದಾಗ ದನಿ ಒಂದಿಷ್ಟು ನಡುಗಿತು. ಎಂದೂ ನಡುಗದ ದನಿ ಅದು. ಉಳಿದವರಿಗೆ ಅದು ಗೊತ್ತೇ ಆಗಲಿಲ್ಲ. ವ್ಯಾಪಾರಿಗೆ ಕೇಳಿಸಿತು. ಕೇಳಿಸಿ ಅವನೇನು ಮಾಡಿದ? 'ಆಹಾ!' ಎಂದ. ಇಷ್ಟು ವರ್ಷ ಬಾರದ ಗಮಕ ಇಂದು ಬಂತಲ್ಲ ಎಂದು ಅವನ ಕಣ್ಣು ತುಂಬಿಬಂತು. ಗಾಯಕ ತುದಿಯ ಸ್ವರ ಮುಟ್ಟಿದ. ಸುಮ್ಮನಾದ.

ಸಭೆ ಉಸಿರು ಬಿಗಿಹಿಡಿಯಿತು. ಮೃದಂಗದವನು ಕೈ ತಡೆದು ಕಾದ. ಗಾಯಕನ ಹಣೆಯಿಂದ ಬೆವರು ಇಳಿಯಿತು. ಹಾಡಿನ ಬೆವರು ಎಂದುಕೊಂಡ ವ್ಯಾಪಾರಿ. ಗಾಯಕನ ತೊಡೆಯ ಮೇಲಿದ್ದ ಬೆರಳುಗಳು ಸೆಟೆದುಕೊಂಡವು. ಸ್ವರವನ್ನು ಬಿಡದೆ ಹಿಡಿದಿದ್ದಾರೆ ಎಂದುಕೊಂಡ. ಇಷ್ಟು ಉದ್ದದ ಮೌನ ತನ್ನ ಜನ್ಮದಲ್ಲೇ ಸಿಕ್ಕಿರಲಿಲ್ಲ ಎಂದು ಅವನ ಮೈ ನವಿರೆದ್ದಿತು.

ಹಿಂದಿನಿಂದ ಹೆಂಡತಿ ಎದ್ದು ನಿಂತಳು. 'ಶೆಟ್ಟರೇ!' ಎಂದು ಕೂಗಿದಳು.

ಹಳಬರೆಲ್ಲ ಅವಳ ಕಡೆ ತಿರುಗಿ 'ಶ್!' ಎಂದರು. ವ್ಯಾಪಾರಿ ತಿರುಗಲೂ ಇಲ್ಲ. ಸ್ವಲ್ಪ ತಾಳಿ ಎನ್ನುವಂತೆ ಒಂದು ಕೈ ಮೇಲೆತ್ತಿದ. ಡಬ್ಬಿ ಹಿಡಿದಿದ್ದ ಕೈ ಅದು.

ಅವಳು ಕೂತಳು. ಯಾಕೆ ಕೂತಳು ಗೊತ್ತೇನಯ್ಯಾ? ತಿಳಿದವರು ಕೈ ಎತ್ತಿದ್ದಾರೆ, ಹಾಗಾದರೆ ಇದು ಹಾಡೇ ಇರಬೇಕು, ನಾನೇ ಏನೂ ತಿಳಿಯದವಳು ಎಂದುಕೊಂಡು ಕೂತಳು. ನೆನೆಸಿಕೊಂಡರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಗುರುವಿನ ದನಿ ಅಲ್ಲಿ ಪೂರ್ತಿ ನಿಂತೇ ಹೋಯಿತು. ಎರಡು ಸಲ ಬಾಯಿ ತೆರೆದರೂ ಮಾತು ಹೊರಡಲಿಲ್ಲ. ತ್ರ್ಯಂಬಕ ಕಣ್ಣೊರೆಸಿಕೊಂಡು ಕಾದು ಕೂತ. ಕೊನೆಗೆ ಅವರು ಎಂಜಲು ನುಂಗಿಕೊಂಡು ಹೇಳಿದರು.

ತಂಬೂರಿ ಮಿಡಿಯುತ್ತಲೇ ಇತ್ತು. ಗಾಯಕ ಪಕ್ಕಕ್ಕೆ ವಾಲಿ ಮೃದಂಗದ ಮೇಲೆ ಬಿದ್ದ. ಆ ಸದ್ದು ಕೇಳಿದ ಮೇಲೆ ವ್ಯಾಪಾರಿ ಎದ್ದು ಓಡಿದ. ಡಬ್ಬಿ ತೆರೆದು ನಾಲಗೆಯ ಕೆಳಗೆ ಗುಳಿಗೆ ಇಟ್ಟ. ಅದು ಇಟ್ಟ ಹಾಗೇ ಇತ್ತು, ಕರಗಲಿಲ್ಲ.

ಕರ್ಮಾಂತರವೆಲ್ಲ ಮುಗಿದ ಮೇಲೆ ವ್ಯಾಪಾರಿ ಡಬ್ಬಿಯನ್ನು ಹಿಂದಕ್ಕೆ ಕೊಡಲು ಹೋದ. ಅವಳು ಬೈಯಲಿಲ್ಲ, ಅಳಲಿಲ್ಲ.

'ಶೆಟ್ಟರೇ, ನಿಜ ಹೇಳಿ. ಆಗ ನಿಮಗೇನೂ ಕೇಳಿಸಲಿಲ್ಲವೇ?' ಎಂದು ಕೇಳಿದಳು.

'ದನಿ ನಡುಗಿದ್ದು ಕೇಳಿಸಿತಮ್ಮಾ. ಅಷ್ಟು ಚೆನ್ನಾಗಿ ಅವರು ಎಂದೂ ಹಾಡಿರಲಿಲ್ಲ' ಎಂದ ಅವನು.

ಅವಳು ಡಬ್ಬಿ ತೆಗೆದುಕೊಂಡು ಬಾಗಿಲು ಹಾಕಿಕೊಂಡಳು.

ಮುಂದಿನ ಕಚೇರಿಗೂ ವ್ಯಾಪಾರಿ ಬಂದ. ಬರದೆ ಇನ್ನೆಲ್ಲಿಗೆ ಹೋಗುತ್ತಾನೆ, ಅವನಿಗೆ ಗೊತ್ತಿದ್ದದ್ದು ಅದೊಂದೇ. ಅದೇ ಜಾಗದಲ್ಲಿ ಕೂತ. ತಾಳಕ್ಕೆ ತೊಡೆ ತಟ್ಟಲು ಕೈ ಬಿಚ್ಚಲಿಲ್ಲ. ಮುಷ್ಟಿ ಕಟ್ಟಿಕೊಂಡೇ ಇದ್ದ. ಆ ಊರಿನ ಹಳಬರು ಮಾತ್ರ ಈಗಲೂ ಸಿಕ್ಕವರನ್ನೆಲ್ಲ ಕೇಳುತ್ತಾರಂತೆ, 'ಅವತ್ತಿನ ಮೌನಕ್ಕೆ ನೀವು ಇದ್ದಿರಾ?' ಎಂದು. ಇಲ್ಲ ಎಂದವರನ್ನು ನೋಡಿ ಅಯ್ಯೋ ಪಾಪ ಎನ್ನುತ್ತಾರಂತೆ.

ಗುರು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ತ್ರ್ಯಂಬಕ ಬಹಳ ಹೊತ್ತು ತಲೆದೂಗುತ್ತಾ ಕೂತಿದ್ದ.

"ಆಹಾ ಗುರುಗಳೇ!" ಎಂದ ಕೊನೆಗೆ. "ನಿಮ್ಮ ಬಾಯಿಂದ ಎಷ್ಟೋ ದೃಷ್ಟಾಂತ ಕೇಳಿದ್ದೇನೆ, ಇದಕ್ಕೆ ಸಮನಾದದ್ದು ಇಲ್ಲ. ಅದರಲ್ಲೂ ಆ ತಾಯಿ ಮತ್ತೆ ಕೂತದ್ದನ್ನು ಹೇಳುವಾಗ ನಿಮ್ಮ ದನಿ ಒಡೆದು ನಿಂತೇ ಹೋಯಿತಲ್ಲ, ಮೈ ಜುಮ್ಮೆಂದಿತು. ನೀವು ಎಂದೂ ಹಾಗೆ ಹೇಳಿದವರಲ್ಲ."

ಗುರು ಕಣ್ಣು ತೆರೆದರು.

"ನಾನು ಆಗಲೇ ನೀರು ಕೇಳಿದ್ದೆ, ತ್ರ್ಯಂಬಕ."