ಬಲಗಡೆಯಿಂದ ಬಂದ ಮರ

ಇದು ನಡೆದದ್ದು ಹೊಳೆಗೆ ಸೇತುವೆ ಕಟ್ಟೋದಕ್ಕೆ ಹನ್ನೆರಡು ವರ್ಷ ಮುಂಚೆ, ಆಷಾಢ ಮಾಸದಲ್ಲಿ. ಕಾಲು ಒಳಗೆಳೆದುಕೋ ಪುಟ್ಟಿ, ಕಂಬಳಿ ಹೊದ್ದುಕೋ. ಹೂಂ ಅಂತಾ ಇರಬೇಕು, ನೀನು ಹೂಂ ನಿಲ್ಲಿಸಿದರೆ ನಾನೂ ನಿಲ್ಲಿಸ್ತೀನಿ.

ಕಡವಿನಹುಂಡಿ ಅಂತ ಹೊಳೆದಂಡೆ ಮೇಲೆ ಒಂದು ಊರಿತ್ತಂತೆ. ಆಚೆ ದಡಕ್ಕೆ ಹೋಗೋಕೆ ಇದ್ದದ್ದು ಒಂದೇ ಹರಿಗೋಲು. ಬಿದಿರು ಹೆಣೆದು, ಮೇಲೆ ತೊಗಲು ಹೊದಿಸಿದ ದುಂಡನೆ ದೋಣಿ. ಅದನ್ನು ನಡೆಸೋನು ಮಂಚಯ್ಯ ಅನ್ನೋ ಅಂಬಿಗ, ಅರವತ್ತೆರಡು ವರ್ಷದೋನು. ಅವನ ಹೆಂಡತಿ ಹೊಂಬಾಳಮ್ಮ, ಅವಳೂ ಅಂಬಿಗರ ಮನೆ ಮಗಳೇ. ಅವರಿಗೆ ಒಬ್ಬಳೇ ಮಗಳು ಚೆಲುವಿ. ಅವಳನ್ನು ಆಚೆ ದಡದ ಊರಿಗೆ ಕೊಟ್ಟಿದ್ದರಂತೆ. ಅವಳು ಚೊಚ್ಚಲ ಬಸುರಿ, ಎಂಟು ತುಂಬಿತ್ತು. ಹೊಳೆ ತುಂಬೋ ಮುಂಚೆ ಅವಳನ್ನು ಈ ದಡಕ್ಕೆ, ತೌರುಮನೆಗೆ ಕರಕೊಂಡು ಬರಬೇಕಿತ್ತು. ಹೊಳೆ ತುಂಬಿದರೆ ಇಪ್ಪತ್ತು ದಿನ ಯಾರೂ ದಾಟೋ ಹಾಗಿರಲಿಲ್ಲ.

ಹರಿಗೋಲಿಗೆ ಒಂದು ಕಟ್ಟಳೆ ಇತ್ತಂತೆ. ಹುಟ್ಟು ಹಿಡಿದ ಅಂಬಿಗನನ್ನು ನಡುಹೊಳೇಲಿ ಯಾರೂ ಮುಟ್ಟಬಾರದು, ಅವನ ಮಾತಿಗೆ ಎದುರು ಹೇಳಬಾರದು. ಪಟೇಲನೇ ಕೂತಿರಲಿ, ಹೆಂಡತಿಯೇ ಕೂತಿರಲಿ, ನೀರಿನ ಮೇಲೆ ಅವನೇ ಯಜಮಾನ. ಯಾಕೆ ಅಂದರೆ, ಎದೆಗುಂದಿದ ಜನ ಎದ್ದು ಅವನ ಕೈ ಹಿಡಿದು ಹಿಂದೆ ಎರಡು ಸಲ ಹರಿಗೋಲು ಮಗುಚಿತ್ತಂತೆ.

ಆಮೇಲೆ ಏನಾಯ್ತು ಅಂದರೆ, ಹೊಂಬಾಳಮ್ಮನಿಗೆ ಆ ವರ್ಷ ಗಂಡನ ಮೇಲೆ ಒಂದು ಅನುಮಾನ ಹುಟ್ಟಿತಂತೆ. ಮೊದಲು ಅವನು ಒಳಗೆ ಬರೋವಾಗ ಬಲಭುಜ ಬಾಗಿಲ ಚೌಕಟ್ಟಿಗೆ ಬಡಿದುಕೊಂಡ, ಮಾರನೇ ದಿನವೂ ಬಡಿದುಕೊಂಡ. ಏನ್ರೀ ಇದು ಅಂದರೆ, ಹಳೇ ಬಾಗಿಲು ಕಣೇ, ವಾಲಿಕೊಂಡಿದೆ ಅಂದನಂತೆ. ಆಮೇಲೆ ಒಂದು ದಿನ ಊಟಕ್ಕೆ ಕೂತಾಗ ಅವಳು ಬಲಗಡೆಯಿಂದ ಮಜ್ಜಿಗೆ ಲೋಟ ನೀಡಿಕೊಂಡು ನಿಂತೇ ಇದ್ದಳಂತೆ, ಇವನು ಎದುರಿಗೇ ನೋಡುತ್ತಾ, ಲೇ, ಮಜ್ಜಿಗೆ ಎಲ್ಲೇ ಅಂದನಂತೆ. ಇಗೋ ಇಲ್ಲೇ ಇದೆಯಲ್ರೀ ಅಂದರೆ, ನೀನು ಬಳೆ ಸದ್ದು ಮಾಡಲಿಲ್ಲ, ನನಗೆ ಹೇಗೆ ಗೊತ್ತಾಗಬೇಕು ಅಂದನಂತೆ. ಮೂರನೇ ಸಲ ಅಂಗಳದಲ್ಲಿ ಹೋಗ್ತಾ ಹೋಗ್ತಾ ಒಂದು ಕೋಳಿಮರಿ ತುಳಿದುಬಿಟ್ಟ. ಅದು ಕಾಲಡಿಗೆ ಬಂದದ್ದೂ ಬಲಗಡೆಯಿಂದಲೇ. ಕೋಳಿಮರಿಗೆ ಬುದ್ಧಿ ಇಲ್ಲ ಅಂದನಂತೆ.

ಮೂರೂ ಬಲಗಡೆ. ಹೊಂಬಾಳಮ್ಮ ಅದನ್ನು ಮನಸ್ಸಲ್ಲಿ ಇಟ್ಟುಕೊಂಡಳು.

ಆ ಕಾಲದಲ್ಲಿ ತಿಂಗಳಿಗೊಂದು ಸಲ ಆಚೆ ದಡದ ಛತ್ರಕ್ಕೆ ಒಬ್ಬರು ಕಣ್ಣಿನ ಡಾಕ್ಟ್ರಮ್ಮ ಬರ್ತಿದ್ದರಂತೆ. ಕಣ್ಣಲ್ಲಿ ಪೊರೆ ಬೆಳೆದ ಮುದುಕ ಮುದುಕಿಯರನ್ನು ಹರಿಗೋಲಲ್ಲಿ ಕೂರಿಸಿಕೊಂಡು ಅವರ ಹತ್ತಿರ ದಾಟಿಸ್ತಿದ್ದವನೇ ಈ ಮಂಚಯ್ಯ. ನೀವೂ ಒಂದು ಸಲ ತೋರಿಸಿಕೊಳ್ಳಿ ಅಂದಳು ಹೊಂಬಾಳಮ್ಮ. ಅವನು ಗಹಗಹಿಸಿ ನಕ್ಕನಂತೆ. ಅಲ್ವೇ, ಕಣ್ಣು ಕಾಣದೋರನ್ನೆಲ್ಲ ದಾಟಿಸೋನು ನಾನು, ನನಗೇ ಕಾಣಲ್ಲ ಅಂತೀಯ? ಬಾ, ಕಣ್ಣೊಳಗೆ ನೋಡು, ಪೊರೆ ಇದೆಯಾ? ಅವಳು ನೋಡಿದಳು, ಪೊರೆ ಇರಲಿಲ್ಲ. ನೋವಿದೆಯಾ ಅಂದಳು, ಇರಲಿಲ್ಲ. ಕೆಂಪಾಗಿದೆಯಾ ಅಂತ ನೋಡಿದಳು, ಅದೂ ಇರಲಿಲ್ಲ. ಇನ್ನೇನು, ಅಂದ ಅವನು. ನಾಡಿದ್ದು ಹೇಗೂ ಪರೀಕ್ಷೆ ಇದೆ, ಅವತ್ತು ನೋಡ್ಕೋ.

ಹೂಂ ಅನ್ನು ಪುಟ್ಟಿ. ಹಾಂ.

ಪರೀಕ್ಷೆ ಅಂದರೆ, ಪ್ರತಿ ವರ್ಷ ಹೊಸನೀರು ಬರೋ ಮುಂಚೆ ಊರಿನವರು ಅಂಬಿಗನ ಕಣ್ಣು ನೋಡ್ತಿದ್ದರಂತೆ. ಸೋತರೆ ಅವತ್ತೇ ಹುಟ್ಟು ಕೆಳಗಿಡಬೇಕು. ಊರೆಲ್ಲ ದಂಡೆ ಮೇಲೆ ಸೇರಿತು. ಮೊದಲನೇದು, ಆಚೆ ದಡದಲ್ಲಿ ತಳವಾರ ಒಂದು ಮೊರ ಎತ್ತಿ ಹಿಡಿಯೋನು, ಮೊರದ ತುಂಬ ಸುಣ್ಣದ ಬೊಟ್ಟು. ಎಷ್ಟು ಅಂತ ಈ ದಡದಿಂದ ಹೇಳಬೇಕು. ಮಂಚಯ್ಯ ಒಂದೇ ಉಸಿರಿಗೆ ಏಳು ಅಂದನಂತೆ, ಏಳೇ ಇತ್ತು. ಎರಡನೇದು, ಬಲೆ ಹೊಲಿಯೋ ಸೂಜಿಗೆ ದಾರ ಪೋಣಿಸಬೇಕು. ಮೊದಲನೇ ಸಲಕ್ಕೇ ಪೋಣಿಸಿದ. ಮೂರನೇದು, ಹರಿಗೋಲಲ್ಲಿ ತುಂಬಿದ ಕೊಡ ಇಟ್ಟುಕೊಂಡು ಆಚೆ ದಡದ ಬಿಳಿ ಕಲ್ಲಿಗೆ ನೇರ ಹೋಗಿ ಮುಟ್ಟಬೇಕು, ನೀರು ಚೆಲ್ಲಬಾರದು. ಅವತ್ತು ಹೊಳೆ ಶಾಂತವಾಗಿತ್ತು. ಹನಿ ಚೆಲ್ಲಲಿಲ್ಲ.

ಪಟೇಲ ಬೆನ್ನು ತಟ್ಟಿ, ಹದ್ದಿನ ಕಣ್ಣಯ್ಯ ನಿಂದು ಅಂದನಂತೆ. ಮಂಚಯ್ಯ ಹೆಂಡತಿ ಕಡೆ ತಿರುಗಿ ಮೀಸೆ ನೇವರಿಸಿಕೊಂಡ. ಹೊಂಬಾಳಮ್ಮ ಒಂದನ್ನೇ ಯೋಚಿಸ್ತಿದ್ದಳಂತೆ. ಮೊರ ಎದುರಿಗಿತ್ತು. ಸೂಜಿ ಎದುರಿಗಿತ್ತು. ಬಿಳಿ ಕಲ್ಲೂ ಎದುರಿಗೇ ಇತ್ತು.

ಪರೀಕ್ಷೆ ಆಗಿ ಐದು ದಿನಕ್ಕೆ ಮೇಲೆ ಎಲ್ಲೋ ಕೊಡಗಲ್ಲಿ ಮಳೆ ಹಿಡಿಯಿತು ಅಂತ ಸುದ್ದಿ ಬಂತು. ಮಾರನೇ ದಿನ ಬೆಳಿಗ್ಗೆ ನೀರು ಕೆಂಪಾಗಿತ್ತಂತೆ. ಮಂಚಯ್ಯ ನೀರಿಗೆ ಕೈ ಅದ್ದಿ ನೋಡಿ, ಇವತ್ತೇ ಹೋಗಿ ಚೆಲುವಿನ ಕರಕೊಂಡು ಬಂದುಬಿಡೋಣ, ನಾಳೆ ಆಗಲ್ಲ ಅಂದ. ಹೊಂಬಾಳಮ್ಮ ನಾನೂ ಬರ್ತೀನಿ ಅಂತ ಹತ್ತಿ ಕೂತಳು. ಹೋಗೋವಾಗ ಪ್ರವಾಹ ಬರೋದು ಎಡಗಡೆಯಿಂದ, ಏನೂ ಆಗಲಿಲ್ಲ. ಬರೋವಾಗ ಅದು ಬಲಗಡೆ ಆಯ್ತು.

ಬರೋವಾಗ ಹರಿಗೋಲಲ್ಲಿ ಐದು ಜನ. ಮಂಚಯ್ಯ, ಹೊಂಬಾಳಮ್ಮ, ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನಡುವೆ ಕೂತ ಚೆಲುವಿ, ಆಮೇಲೆ ಸಂತೆಯಿಂದ ಬರ್ತಿದ್ದ ಬಳೆಗಾರ ದಂಪತಿ. ಹೊಂಬಾಳಮ್ಮ ಬೇಕಂತಲೇ ಗಂಡನ ಬಲಗಡೆ, ಪ್ರವಾಹ ಬರೋ ಕಡೆಗೆ ಮುಖ ಮಾಡಿ ಕೂತಳಂತೆ. ಅಲ್ಲಿ ಯಾಕೆ ಕೂತೆ, ಭಾರ ಒಂದೇ ಕಡೆ ಆಗುತ್ತೆ ಅಂದ. ನನಗೆ ಇಲ್ಲೇ ಗಾಳಿ ಚೆನ್ನಾಗಿದೆ ಅಂದಳು.

ದಡ ಬಿಟ್ಟರು. ಮಂಚಯ್ಯ ಈ ದಡದ ಹುಣಿಸೇಮರಕ್ಕೆ ನೋಟ ನೆಟ್ಟು ಹುಟ್ಟು ಹಾಕ್ತಿದ್ದ. ಅವನ ತಾತ ಹಾಗೆ ಮಾಡ್ತಿದ್ದ, ಅಪ್ಪ ಹಾಗೆ ಮಾಡ್ತಿದ್ದ. ಗುರುತಿನಿಂದ ಕಣ್ಣು ತೆಗೆಯಬಾರದು ಅನ್ನೋದು ಅವರ ಪಾಠ. ಸ್ವಲ್ಪ ದೂರಕ್ಕೆ ಬಲಗಡೆ ನೀರಲ್ಲಿ ಮುಳುಗಿದ ಬಂಡೆ ಬಂತು. ಅದು ಅವನಿಗೆ ಬಾಯಿಪಾಠ, ಕಾಣದಿದ್ದರೂ ತಪ್ಪಿಸಿದ. ಆಮೇಲೆ ಒಂದು ಮುಳ್ಳುಪೊದೆ ತೇಲಿಕೊಂಡು ಬಂತು. ಬಲಗಡೆ ಪೊದೆ ಅಂದಳು ಹೊಂಬಾಳಮ್ಮ. ಅವನು ಏನಿಲ್ಲ ಸುಮ್ಮನಿರು ಅಂದ. ಪೊದೆ ಹರಿಗೋಲಿಗೆ ಉಜ್ಜಿ ಹೋಯ್ತು. ಬಳೆಗಾರನ ತೋಳು ಗೀರಿತು. ಮಂಚಯ್ಯ ಆಗಲೂ ಹುಣಿಸೇಮರ ಬಿಟ್ಟು ನೋಡಲಿಲ್ಲ.

ಆಮೇಲೆ ನಡುಹೊಳೆ.

ಅಲ್ಲಿ ಹೊಂಬಾಳಮ್ಮನಿಗೆ ಕಂಡಿತಂತೆ, ಬುಡಸಮೇತ ಕಿತ್ತು ಬಂದ ಮತ್ತಿಮರ. ಬೇರೆಲ್ಲ ಮುಂದಕ್ಕೆ ಚಾಚಿಕೊಂಡು ನೇರ ಇವರ ಕಡೆಗೇ ಬರ್ತಿತ್ತು. ಬಲಗಡೆ ಮರ ಬರ್ತಿದೆ ಅಂದಳು. ಇಲ್ಲ ಅಂದ. ಮರ ಕಣ್ರೀ, ದೊಡ್ಡದು ಅಂದಳು. ಲೇ, ನನಗೆ ಹುಣಿಸೇಮರದ ಎಲೆ ಎಲೆ ಕಾಣ್ತಿದೆ, ಇಷ್ಟು ದೊಡ್ಡ ಮರ ಕಾಣಲ್ವಾ, ಸುಮ್ಮನೆ ಕೂತ್ಕೋ ಅಂತ ಗದರಿದನಂತೆ. ಚೆಲುವಿ ಒಂದು ಸಲ ತಿರುಗಿ ನೋಡಿ, ಅವ್ವಾ ಅಂತ ಕಣ್ಣು ಮುಚ್ಚಿಕೊಂಡಳು. ಅವನು ಅದನ್ನೂ ನೋಡಲಿಲ್ಲ. ಮರ ಹತ್ತು ಮಾರು ದೂರ ಇತ್ತು, ಆಮೇಲೆ ಎಂಟು ಮಾರು.

ಹೊಂಬಾಳಮ್ಮ ಆಗ ಮೂರನೇ ಸಲ ಕೂಗಲಿಲ್ಲ. ಎದ್ದಳು. ಹುಟ್ಟು ಹಿಡಿದವನನ್ನು ಮುಟ್ಟಬಾರದು ಅನ್ನೋದು ಅವಳಿಗೆ ಹಾಲು ಕುಡಿಯೋ ವಯಸ್ಸಿಂದ ಗೊತ್ತಿತ್ತು. ಎದ್ದು, ಎರಡೂ ಕೈಲಿ ಗಂಡನ ಗದ್ದ ಹಿಡಿದು, ಮುಖಾನೇ ಬಲಕ್ಕೆ ತಿರುಗಿಸಿಬಿಟ್ಟಳಂತೆ.

ಅವನಿಗೆ ಮರ ಕಂಡಿತು.

ಆಗ ಅದು ಆರು ಮಾರು ದೂರದಲ್ಲಿತ್ತಂತೆ. ಅವನು ಹುಟ್ಟು ಇಳಿಬಿಟ್ಟು ಹರಿಗೋಲನ್ನು ಗಿರ್ರಂತ ತಿರುಗಿಸಿ ಹಿಂದಕ್ಕೆ ಎಳೆದ, ಇನ್ನೂ ಎಳೆದ. ಮರದ ಕಾಂಡ ಮುಂದಿನಿಂದ ಹಾದು ಹೋಯ್ತು, ಒಂದು ಬೇರು ಮಾತ್ರ ಅಂಚಿಗೆ ಸಿಕ್ಕಿ ತೊಗಲು ಸೀಳಿತು. ನೀರು ಒಳಗೆ ನುಗ್ಗಿತು. ಚೆಲುವಿ ಸೆರಗು ತುರುಕಿ ಸೀಳು ಒತ್ತಿ ಹಿಡಿದಳು, ಬಳೆಗಾರನ ಹೆಂಡತಿ ತಂಬಿಗೇಲಿ ನೀರು ಎತ್ತಿ ಎತ್ತಿ ಚೆಲ್ಲಿದಳು, ಹೊಂಬಾಳಮ್ಮ ಬಲಗಡೆ ನೋಡುತ್ತಾ ಬಂಡೆ, ಕೊಂಬೆ, ಏನಿಲ್ಲ, ಏನಿಲ್ಲ, ಕೊಂಬೆ ಅಂತ ಹೇಳ್ತಾ ಹೋದಳು. ಈ ಸಲ ಅವನು ಪ್ರತಿ ಮಾತಿಗೂ ಹೂಂ ಅಂದನಂತೆ, ಈಗ ನೀನು ಅಂತಿದ್ದೀಯಲ್ಲ ಹಾಗೆ.

ಹಾಗೂ ಹೀಗೂ ದಡ ಮುಟ್ಟಿದರು. ಚೆಲುವಿಯನ್ನು ಕೈಹಿಡಿದು ಇಳಿಸಿದರು, ಅವಳಿಗೆ ಏನೂ ಆಗಿರಲಿಲ್ಲ. ಮಂಚಯ್ಯ ಹುಟ್ಟನ್ನು ಮರಳ ಮೇಲೆ ಇಟ್ಟು ಕೂತ. ಹೆಂಡತಿಗೆ ಹೇಳಿದ, ನಾನು ನೋಡದೆ ಇದ್ದದ್ದಲ್ಲ ಕಣೇ. ನನಗೆ ಅಲ್ಲಿ ಏನೂ ಇರಲೇ ಇಲ್ಲ. ಕತ್ತಲೆಯೂ ಇರಲಿಲ್ಲ.

ಹೊಳೆ ಇಳಿಯೋಕೆ ಇಪ್ಪತ್ತು ದಿನ ಬೇಕಾಯ್ತು. ಇಪ್ಪತ್ತೊಂದನೇ ದಿನ ಮಂಚಯ್ಯ ಜೀವಮಾನದಲ್ಲಿ ಮೊದಲನೇ ಸಲ ಹರಿಗೋಲಲ್ಲಿ ದಾಟೋರ ಜಾಗದಲ್ಲಿ ಕೂತನಂತೆ. ಹುಟ್ಟು ಹಾಕಿದ್ದು ಹೊಂಬಾಳಮ್ಮ. ಡಾಕ್ಟ್ರಮ್ಮ ಅವನನ್ನು ಛತ್ರದ ಜಗಲಿ ಮೇಲೆ ಎದುರಿಗೆ ಕೂರಿಸಿಕೊಂಡು, ಎಡಗಣ್ಣು ಮುಚ್ಚಿಸಿ, ತಾತ, ನನ್ನ ಮೂಗನ್ನೇ ನೋಡ್ತಿರಿ, ಆಚೀಚೆ ನೋಡಬೇಡಿ, ನನ್ನ ಬೆರಳು ಕಂಡ ಕೂಡಲೇ ಹೇಳಿ ಅಂದರು. ಬೆರಳನ್ನು ಅವನ ಬಲಗಡೆಯಿಂದ ನಿಧಾನ ತಂದರು. ಬಂತಾ? ಇಲ್ಲ. ಇನ್ನಷ್ಟು ತಂದರು. ಬಂತಾ? ಇಲ್ಲ ತಾಯಿ. ಪಕ್ಕದಲ್ಲಿ ನಿಂತು ಹೊಂಬಾಳಮ್ಮ ನೋಡ್ತಿದ್ದಳು. ಬೆರಳು ಅವನ ಕಿವಿ ದಾಟಿತು, ಕೆನ್ನೆ ದಾಟಿತು. ಮೂಗಿಗೆ ಮೂರು ಬೆರಳು ಅಂತರ ಉಳಿದಾಗ, ಬಂತು ಅಂದನಂತೆ. ಆಮೇಲೆ ಎಡಗಣ್ಣು. ಅದು ಅಷ್ಟು ಕೆಟ್ಟಿರಲಿಲ್ಲ, ಆದರೆ ಅದರಲ್ಲೂ ಮೂಗಿನ ಕಡೆಯಿಂದ, ಅಂದರೆ ಬಲಗಡೆಯಿಂದಲೇ, ಶುರುವಾಗಿತ್ತು.

ಡಾಕ್ಟ್ರಮ್ಮ ಕಣ್ಣಿನ ಒಳಗೆ ದೀಪ ಬಿಟ್ಟು ನೋಡಿದರು. ಇದಕ್ಕೆ ಗ್ಲಾಕೋಮಾ ಅಂತ ಹೆಸರು ಅಂದರು. ಕಣ್ಣಿನೊಳಗೆ ಒತ್ತಡ ಏರಿ, ನೋಟ ಒಯ್ಯೋ ನರ ಸಾಯುತ್ತಾ ಬರುತ್ತೆ. ನೋವಿಲ್ಲ, ಕೆಂಪಿಲ್ಲ, ಪೊರೆ ಇಲ್ಲ. ಮೊದಲು ಅಂಚು ಹೋಗುತ್ತೆ, ಎದುರಿನ ನೋಟ ಕೊನೇವರೆಗೂ ಉಳಿದಿರುತ್ತೆ, ಅದಕ್ಕೇ ಗೊತ್ತಾಗೋದಿಲ್ಲ. ಹೋದದ್ದು ವಾಪಸು ಬರುತ್ತಾ ಅಂದ ಮಂಚಯ್ಯ. ಬರಲ್ಲ ಅಂದರು ಅವರು, ಸುತ್ತಿ ಬಳಸಿ ಹೇಳಲಿಲ್ಲ. ಉಳಿದದ್ದು? ಉಳಿದದ್ದನ್ನು ಕಾಪಾಡಬಹುದು. ದಿನಾ ತಪ್ಪದೆ ಈ ಹನಿ ಹಾಕಬೇಕು, ಚೆನ್ನಾಗಿದೆ ಅಂತ ನಿಲ್ಲಿಸಬಾರದು, ತಿಂಗಳು ತಿಂಗಳು ಬಂದು ತೋರಿಸಬೇಕು. ನಂದಿಬಟ್ಟಲು ರಸ ಬಿಡಲಾ ಅಂದ. ಹೂವನ್ನ ದೇವರಿಗೆ ಇಡಿ, ಕಣ್ಣಿಗೆ ಬೇಡ ಅಂದರಂತೆ. ಆಮೇಲೆ, ಇದು ರಕ್ತ ಹಂಚಿಕೊಂಡೋರಿಗೂ ಬರಬಹುದು, ನಿಮ್ಮ ಅಣ್ಣತಮ್ಮಂದಿರು ಯಾರಾದರೂ ಇದ್ದರೆ ಕರಕೊಂಡು ಬನ್ನಿ, ಮಗಳಿಗೆ ನಲವತ್ತು ಆದಾಗ ಅವಳೂ ಬರಲಿ ಅಂದರು.

ಮಂಚಯ್ಯ ಕೊನೇಗೆ ಕೇಳಿದನಂತೆ, ನಾನು ಹುಟ್ಟು ಹಿಡೀಬಹುದಾ ತಾಯಿ? ಡಾಕ್ಟ್ರಮ್ಮ ಉತ್ತರ ಹೇಳೋ ಮುಂಚೆ ಅವನೇ ತಲೆ ಅಲ್ಲಾಡಿಸಿದ. ಜನ ಕೂರಿಸಿಕೊಂಡು ಬೇಡ, ಅಂತ ತಾನೇ ಹೇಳಿಕೊಂಡ.

ಆಮೇಲೆ ಎಲ್ಲ ಒಂದು ದಾರಿಗೆ ಬಂತು. ಚೆಲುವಿಗೆ ಹೆರಿಗೆ ಆಯ್ತು, ಹೆಣ್ಣುಮಗು, ಕೆಂಪಗೆ ದುಂಡಗೆ. ಪಟೇಲ ಒಂದು ದಿನ ಮನೆಗೇ ಬಂದು, ಏನಯ್ಯ, ನಾನೇ ಬೆನ್ನು ತಟ್ಟಿದೆನಲ್ಲ ಅಂತ ನಾಚಿಕೊಂಡನಂತೆ. ನೀವೇನು ಮಾಡ್ತೀರ ಯಜಮಾನರೇ, ನಾವು ಬರೀ ಎದುರಿಗೆ ಇದ್ದದ್ದನ್ನ ಕೇಳಿದೆವು, ಹೊಳೆ ಪಕ್ಕದಿಂದ ಬಂತು ಅಂದಳು ಹೊಂಬಾಳಮ್ಮ. ಅಲ್ಲಿಂದಾಚೆಗೆ ಪರೀಕ್ಷೇಲಿ ನಾಲ್ಕನೇದು ಒಂದು ಸೇರಿತು, ಮೂಗು ನೋಡಿಸಿ ಪಕ್ಕದಿಂದ ಬೆರಳು ತರೋದು. ಅಂಬಿಗನಿಗೆ ಮಾತ್ರ ಯಾಕೆ ಅಂತ ಪಟೇಲ ತಾನೇ ಮೊದಲು ಕೂತ, ಆಮೇಲೆ ಊರಿನ ಹಿರೀಕರೆಲ್ಲ ಒಬ್ಬೊಬ್ಬರಾಗಿ ಕೂತರು. ಬೆರಳು ತಡವಾಗಿ ಕಂಡವರನ್ನು, ಮೊರದ ಬೊಟ್ಟು ಮಸುಕಾದವರನ್ನು ಹೊಂಬಾಳಮ್ಮ ದಾಟಿಸ್ತಿದ್ದಳು. ಬೆರಳು ಸರಿಯಾಗಿ ಕಂಡಿತು ಅಂತ ಸುಮ್ಮನೆ ಕೂರಬೇಡಿ, ವರ್ಷಕ್ಕೊಂದು ಸಲ ಡಾಕ್ಟ್ರಮ್ಮನಿಗೂ ತೋರಿಸಿ ಅಂತ ಉಳಿದವರನ್ನೂ ಬಯ್ದು ಹತ್ತಿಸಿಕೊಳ್ತಿದ್ದಳು. ಹುಟ್ಟು ಈಗ ಅವಳದು. ಮಂಚಯ್ಯ ದಂಡೆ ಮೇಲೆ ಕೂತು ಹೊಸ ಹರಿಗೋಲು ಹೆಣೀತಿದ್ದ, ಸ್ವಲ್ಪ ದೊಡ್ಡವಳಾದ ಮೇಲೆ ಮೊಮ್ಮಗಳು ಬಂದಾಗೆಲ್ಲ ಪಕ್ಕದಲ್ಲಿ ಬಿದಿರಸೀಳು ಎತ್ತಿಕೊಡ್ತಿದ್ದಳು, ಎಡಗಡೆಯಿಂದ.

ಕತೆ ಇಲ್ಲಿಗೆ ದಡ ಸೇರ್ತು. ಕಣ್ಣು ಮುಚ್ಕೋ.

ಏನು? ಹನಿ ಹಾಕಿದ್ದಕ್ಕೆ ಕಣ್ಣು ಉಳೀತಾ ಅಂತಲಾ? ಉಳೀತು ಕಣೇ. ಅವನು ಆಮೇಲೆ ಬದುಕಿದ್ದು ಹತ್ತೊಂಬತ್ತು ವರ್ಷ. ಮೊಮ್ಮಗಳ ಮುಖ ಕಂಡದ್ದು ಹತ್ತೊಂಬತ್ತು ವರ್ಷ.